ಉದಾಹರಣೆಯೊಳಗಿನ ಮಾದಮ್ಮ

ಮಾನವ ಹಕ್ಕುಗಳ ಪಾಠ ಮಾಡಲು ಹೊಸದಾಗಿ ಸೇರಿದ ಮೇಷ್ಟ್ರುಗಳು ಆಗಾಗ ನನಗೆ ಫೋನ್ ಮಾಡಿ, ಮೊದಲು ಯಾವ ಪುಸ್ತಕ ಓದಬೇಕು ಎಂದು ಕೇಳುತ್ತಾರೆ. ಹೇಳುತ್ತೇನೆ, ಅದಕ್ಕೇನು ಕಷ್ಟ. ಆಮೇಲೆ, ಆ ಪುಸ್ತಕಗಳನ್ನೆಲ್ಲ ಓದಿಯೂ ಒಬ್ಬ ಮನುಷ್ಯ ಎಷ್ಟು ದಡ್ಡನಾಗಿರಬಹುದು ಎನ್ನುವುದಕ್ಕೆ ನನ್ನದೇ ಒಂದು ಕಥೆ ಇದೆ, ಬಿಡುವಾದಾಗ ಮನೆಗೆ ಬನ್ನಿ ಎನ್ನುತ್ತೇನೆ. ಇದುವರೆಗೆ ಒಬ್ಬರೂ ಬಂದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಸೇಲಂನ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದೆ. ಮನೆಯ ಮಾತು ಕನ್ನಡ, ಪಾಠ ತಮಿಳಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ಕನ್ನಡ ಓದು ಬರಹ ನಮ್ಮೂರಿನ ಶಾಲೆಯಲ್ಲಿ ಸಿಕ್ಕಿದ್ದಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ ಭಾನುವಾರ ಭಾನುವಾರ ಸ್ಲೇಟು ಹಿಡಿಸಿ, ಕಿವಿ ಹಿಂಡಿ ಕಲಿಸಿದ್ದು. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ಪಿಂಚಣಿ ಕಾಗದದಲ್ಲಿ ಇದೆ, ಇಲ್ಲಿ ಬೇಡ.

ತೊಂಬತ್ತರ ದಶಕದ ನಡುವಿನ ಮಾತು. ಮಾನವ ಹಕ್ಕುಗಳಿಗೆ ಹೊಸ ಕಾನೂನು ಬಂದಿತ್ತು. ಪೊಲೀಸರಿಗೂ ಇದನ್ನು ಕಲಿಸಬೇಕೆಂದು ಮೇಲಿನವರಿಗೆ ಅನ್ನಿಸಿತು, ನಮ್ಮ ಪ್ರಿನ್ಸಿಪಾಲರಿಗೆ ಒಂದು ಆರ್ಡರ್ ಬಂತು. ಅವರು ನನ್ನನ್ನು ಕರೆದು, ಫಿಲಾಸಫಿ ತರಗತಿಯಲ್ಲಿ ಹೇಗೂ ಆರೇ ಹುಡುಗರು, ನಿಮಗೆ ಬಿಡುವು ಜಾಸ್ತಿ, ನೀವೇ ಹೋಗಿ ಎಂದರು. ಹೀಗೆ ನನ್ನ ವಿಷಯದ ಅನಾಥಸ್ಥಿತಿಯೇ ನನ್ನನ್ನು ಪೊಲೀಸರ ಮುಂದೆ ನಿಲ್ಲಿಸಿತು. ಪ್ರತಿ ಗುರುವಾರ ಮಧ್ಯಾಹ್ನ, ತಗಡಿನ ಸೂರಿನ ಒಂದು ಹಾಲ್. ಸೇಲಂ, ಧರ್ಮಪುರಿ ಎರಡೂ ಜಿಲ್ಲೆಗಳ ಠಾಣೆಗಳಿಂದ ಬಂದ ನಲವತ್ತು ಜನ ಕಾನ್‌ಸ್ಟೆಬಲ್‌ಗಳು, ಹೆಡ್ ಕಾನ್‌ಸ್ಟೆಬಲ್‌ಗಳು.

ಮೊದಲ ತಿಂಗಳು ನಾನು ಮಾಡಿದ್ದು ಬರೀ ಡಿಕ್ಟೇಷನ್. ಹಕ್ಕು ಎಂದರೇನು, ಹುಟ್ಟಿನಿಂದ ಬರುವ ಹಕ್ಕು ಯಾವುದು, ಕಾನೂನು ಕೊಡುವ ಹಕ್ಕು ಯಾವುದು. ಅವರು ತಲೆ ತಗ್ಗಿಸಿ ಮುದ್ದಾಗಿ ಬರೆದುಕೊಂಡರು. ದಿನಾ ದೂರು ಬರೆದುಕೊಳ್ಳುವ ಕೈಗಳು, ನನ್ನದೂ ಒಂದು ದೂರು ಎಂದು ತಿಳಿದರೋ ಏನೋ. ಮೂರನೆಯ ವಾರದಿಂದ ಹಿಂದಿನ ಸಾಲಿನಲ್ಲಿ ಗೊರಕೆ ಶುರುವಾಯಿತು. ಅಲ್ಲಿನ ಮೇಲಧಿಕಾರಿ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, ಹಕ್ಕೆಲ್ಲ ಚೆನ್ನಾಗಿ ಹೇಳಿಕೊಡಿ ಪ್ರೊಫೆಸರ್, ನಾಲ್ಕೂವರೆಗೆ ಮಾತ್ರ ಬಿಟ್ಟುಬಿಡಿ, ಕವಾಯತು ಇದೆ ಎಂದು ಹೋದರು. ಕೆಟ್ಟ ಮನುಷ್ಯರಲ್ಲ. ಅವರಿಗೆ ಎರಡೂ ಒಂದೇ ತರಹದ ವ್ಯಾಯಾಮ.

ಆಗ ನನಗೆ ಜಾಗತಿಕ ನ್ಯಾಯದ ಹುಚ್ಚು. ಒಂದು ಗುರುವಾರ ಉತ್ಸಾಹದಿಂದ ಕೇಳಿದೆ: ನಾವು ಎಂದೂ ನೋಡದ ದೇಶದಲ್ಲಿ ಒಬ್ಬ ಹಸಿದಿದ್ದಾನೆ, ಅವನ ಬಗ್ಗೆ ನಮಗೆ ಹೊಣೆ ಇದೆಯೇ, ಇಲ್ಲವೇ? ತಾರಮಂಗಲಂ ಕಡೆಯ ಒಬ್ಬ ಕಾನ್‌ಸ್ಟೆಬಲ್ ಎದ್ದು ನಿಂತು, ನಮ್ಮ ಲಾಕಪ್ಪಿನಲ್ಲಿ ಇರುವವನಿಗೆ ಬೆಳಿಗ್ಗೆಯಿಂದ ಇಡ್ಲಿ ಬಂದಿಲ್ಲ ಸಾರ್, ಹೋಟೆಲಿನವನು ಅಂಗಡಿ ತೆಗೆದಿಲ್ಲ, ಅವನೂ ನಿಮ್ಮ ಲೆಕ್ಕಕ್ಕೆ ಬರುತ್ತಾನಾ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕು, ಬರುತ್ತಾನೆ ಬರುತ್ತಾನೆ ಎಂದು ಹೇಳಿ ಮತ್ತೆ ದೂರದ ದೇಶಕ್ಕೆ ಹೊರಟುಹೋದೆ. ದೂರದವನ ಬಗ್ಗೆ ನ್ಯಾಯವಾಗಿ ಮಾತಾಡುವುದು ಬಹಳ ಸುಲಭ, ಅವನು ಎದ್ದು ಬಂದು ಏನು ಮಾಡಿದೆ ಎಂದು ಕೇಳುವುದಿಲ್ಲ.

ಆದರೂ ಆ ಇಡ್ಲಿಯ ಪ್ರಶ್ನೆ ಮನೆಗೆ ಬಂದ ಮೇಲೂ ಬಿಡಲಿಲ್ಲ. ಮುಂದಿನ ವಾರದಿಂದ ನೋಟ್ಸ್ ಮುಚ್ಚಿಟ್ಟೆ. ನೀವು ನಿಮ್ಮ ಠಾಣೆಯಲ್ಲಿ ನಡೆಯುವುದನ್ನು ಹೇಳಿ, ಅದರಿಂದಲೇ ಪಾಠ ಮಾಡೋಣ ಎಂದೆ. ಇದು ಸರಿಯಾದ ವಿಧಾನ, ಇವತ್ತಿಗೂ ಹಾಗೇ ಅನ್ನುತ್ತೇನೆ. ನನ್ನ ದೊಡ್ಡ ತಪ್ಪು ಬಂದದ್ದೂ ಅದರ ಬೆನ್ನಿಗೇ.

ಆ ತರಗತಿಯಲ್ಲಿ ಮುನಿರಾಜು ಎಂಬ ಹೆಡ್ ಕಾನ್‌ಸ್ಟೆಬಲ್ ಇದ್ದರು. ಐವತ್ತರ ಹತ್ತಿರದವರು, ಮಾರಂಡಹಳ್ಳಿಯ ಆಚೆ ರಾಗಿ ಬೆಳೆಯುವ ಕುಟುಂಬ. ಧರ್ಮಪುರಿ ಜಿಲ್ಲೆಯ ಒಂದು ಠಾಣೆಯಲ್ಲಿ ರೈಟರ್ ಕೆಲಸ. ಅಂದರೆ ಠಾಣೆಯಲ್ಲಿ ದಿನ ದಿನ ನಡೆದದ್ದನ್ನು ಜಿ.ಡಿ. ಎಂಬ ದಪ್ಪ ಪುಸ್ತಕದಲ್ಲಿ ಬರೆಯುವುದು ಅವರ ಜವಾಬ್ದಾರಿ. ಅದು ಯಾವ ಠಾಣೆ ಎಂದು ನಾನಿಲ್ಲಿ ಬರೆಯುವುದಿಲ್ಲ. ಹಾಜರಿ ಎಣಿಸುವಾಗ ನನ್ನ ಬಾಯಲ್ಲಿ ಒಂದು, ಎರಡು, ಮೂರು ಎಂದು ಕನ್ನಡ ಬಂದಿದ್ದನ್ನು ಅವರು ಕೇಳಿಸಿಕೊಂಡಿದ್ದರು. ಅಂದಿನಿಂದ ತರಗತಿ ಮುಗಿದ ಮೇಲೆ ನನ್ನ ಜೊತೆ ಕನ್ನಡದಲ್ಲೇ ಮಾತು.

ಆ ಗುರುವಾರ ಅವರು ಎದ್ದು ಒಂದು ಪದ್ಧತಿಯನ್ನು ಹೇಳಿದರು. ತಪ್ಪು ಮಾಡಿದವನು ತಲೆಮರೆಸಿಕೊಂಡರೆ ಅವನ ಮನೆಯವರಲ್ಲಿ ಒಬ್ಬರನ್ನು ಕರೆತಂದು ಠಾಣೆಯ ಬೆಂಚಿನ ಮೇಲೆ ಕೂರಿಸುತ್ತಾರೆ. ಅರೆಸ್ಟ್ ಇಲ್ಲ, ಕೇಸ್ ಇಲ್ಲ, ಪುಸ್ತಕದಲ್ಲಿ ಒಂದಕ್ಷರ ಇಲ್ಲ. ಹೊಡೆಯುವುದಿಲ್ಲ, ಬೈಯುವುದಿಲ್ಲ, ಟೀ ಕೂಡ ತರಿಸಿಕೊಡುತ್ತಾರೆ. ಸುಮ್ಮನೆ ಕೂರಿಸುತ್ತಾರೆ, ಅಷ್ಟೇ. ಸುದ್ದಿ ಮುಟ್ಟಿ ಅವನು ಬಂದರೆ ಇವರು ಎದ್ದು ಹೋಗಬಹುದು. ಒಬ್ಬ ಹೆಂಗಸನ್ನು ಅವಳ ಅಳಿಯನಿಗಾಗಿ ಹಾಗೆ ಕೂರಿಸಿದ್ದಾರೆ ಎಂದುಕೊಳ್ಳಿ, ಇದು ಹಕ್ಕಿಗೆ ವಿರುದ್ಧವೇ ಸಾರ್ ಎಂದು ಕೇಳಿದರು.

ನನಗೆ ಹಬ್ಬವಾಯಿತು. ಬೀಗ ಹಾಕದ ಬಾಗಿಲ ಮುಂದೆ ಕೂತವಳಿಗೆ ಸ್ವಾತಂತ್ರ್ಯ ಇದೆಯೇ ಇಲ್ಲವೇ? ಬೋರ್ಡಿನ ಮೇಲೆ ಎರಡು ಕಾಲಂ ಎಳೆದೆ. ನಿದ್ದೆ ಮಾಡುತ್ತಿದ್ದವರೂ ಎದ್ದು ವಾದಕ್ಕಿಳಿದರು. ಕೈಗೆ ಕೋಳವಿಲ್ಲ, ಬಾಗಿಲು ತೆರೆದಿದೆ, ಅವಳೇ ಕೂತಿದ್ದಾಳೆ ಎಂದು ಮೂವತ್ತು ಜನ. ಇಲ್ಲ ಎಂದು ಏಳೆಂಟು ಜನ. ಒಂದು ಗಂಟೆ ಹೋಗಿದ್ದೇ ತಿಳಿಯಲಿಲ್ಲ. ಬಹಳ ಒಳ್ಳೆಯ ಉದಾಹರಣೆ, ಉತ್ತರ ಮುಂದಿನ ವಾರ ನೋಡೋಣ ಎಂದು ಕೈಯ ಸೀಮೆಸುಣ್ಣ ಒರೆಸಿಕೊಂಡು ಹೊರಬಂದೆ. ನನ್ನ ಸ್ಕೂಟರಿನ ಹತ್ತಿರ ಮುನಿರಾಜು ನಿಂತಿದ್ದರು.

“ಸಾರ್, ಉತ್ತರ ಮುಂದಿನ್ ವಾರ ಅಂದ್ರಲ್ಲ. ಅಲ್ಲೀಗಂಟ ಅವ್ಳು ಕುಂತೇ ಇರ್ಬೇಕಾ?”

ಯಾರು ಎಂದು ಕೇಳಿದೆ ನಾನು. ಹೌದು, ಹಾಗೆಯೇ ಕೇಳಿದೆ.

“ಮಾದಮ್ಮ. ನಾ ಏಳಿದ್ದು ಕತೆ ಅಲ್ಲ ಸಾರ್. ಸೋಮವಾರ ಸಾಯಂಕಾಲದಿಂದ ನಮ್ ಸ್ಟೇಷನ್ ಬೆಂಚಲ್ಲಿ ಕುಂತವ್ಳೆ.”

ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ. ಒಬ್ಬ ಹೆಂಗಸು ನಾಲ್ಕು ದಿನಗಳಿಂದ ಕೂತಿದ್ದಾಳೆ, ನಾನು ಅವಳನ್ನು ಬೋರ್ಡಿನ ಮೇಲೆ ಎರಡು ಕಾಲಂ ಮಾಡಿ ಸಂತೋಷಪಟ್ಟಿದ್ದೇನೆ. ಮುನಿರಾಜು ಉಳಿದದ್ದನ್ನೂ ಹೇಳಿದರು. ಅವಳ ಅಳಿಯ ಜಗಳದಲ್ಲಿ ಒಬ್ಬನ ಕೈ ಮುರಿದು ಓಡಿಹೋಗಿದ್ದ. ಹಗಲೆಲ್ಲ ಅವಳು ಬೆಂಚಿನ ಮೇಲೆ. ಕತ್ತಲಾದ ಮೇಲೆ ಹಿಂದಿನ ಕ್ವಾರ್ಟರ್ಸಿನಲ್ಲಿ ಇವರದೇ ಮನೆಯ ಜಗಲಿಯ ಮೇಲೆ. ಇವರ ಹೆಂಡತಿಯೇ ಮುದ್ದೆ ಹಾಕುತ್ತಿದ್ದಳು. ನೀವೇ ಜಿ.ಡಿ.ಯಲ್ಲಿ ಬರೆಯಬಹುದಲ್ಲ ಎಂದು ಕೇಳಿದೆ. ಎಸ್.ಐ. ಹೇಳಿದ್ದನ್ನು ಬರೆಯುತ್ತೇನೆ, ಹೇಳದಿದ್ದನ್ನು ಬರೆಯುವುದಿಲ್ಲ, ಇಪ್ಪತ್ತು ವರ್ಷದಿಂದ ಹಾಗೇ ನಡೆದು ಬಂದಿದೆ ಎಂದರು. ಹಾಗೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಮರುದಿನ ಕಾಲೇಜಿಗೆ ರಜೆ ಹಾಕಿ ಮೊದಲ ಬಸ್ಸಿಗೆ ಧರ್ಮಪುರಿಗೆ ಹೊರಟೆ. ತೊಪ್ಪೂರು ಘಟ್ಟ ಹತ್ತುವಾಗ, ಅಲ್ಲಿ ಹೋಗಿ ಏನು ಮಾಡುತ್ತೀಯ ಎಂದು ನನ್ನನ್ನೇ ಕೇಳಿಕೊಂಡೆ. ನಾನು ವಕೀಲನಲ್ಲ, ಅಧಿಕಾರಿಯಲ್ಲ, ಅವಳ ಬಂಧುವೂ ಅಲ್ಲ. ಆದರೆ ಅವಳನ್ನು ಬಿಡಿಸದೆ ವಾಪಸ್ ಬಸ್ಸು ಹತ್ತುವುದಿಲ್ಲ ಎಂದು ಮಾತ್ರ ಗಟ್ಟಿಯಾಗಿತ್ತು.

ವೈರ್‌ಲೆಸ್ ಇಟ್ಟ ಕೋಣೆಯ ಪಕ್ಕದಲ್ಲಿ, ಠಾಣೆಯ ಗೋಡೆಗೆ ಒತ್ತಿದ ಬೆಂಚು. ಮಾದಮ್ಮ ಐವತ್ತರ ಆಸುಪಾಸು, ಕುಳ್ಳಗೆ, ತಲೆ ಬಾಚಿ ಗಂಟು ಹಾಕಿ, ಎರಡೂ ಅಂಗೈ ಮೊಣಕಾಲ ಮೇಲಿಟ್ಟು ನೆಟ್ಟಗೆ ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ ಅಡಿಯಿಂದ ಮುಡಿಯವರೆಗೆ ನೋಡಿ, ಯಾರ ಕಡೆಯವರು ನೀವು ಎಂದಳು. ಯಾರ ಕಡೆಯವನೂ ಅಲ್ಲ, ಸೇಲಂನಲ್ಲಿ ಮೇಷ್ಟ್ರು ಎಂದೆ.

“ಮೇಷ್ಟ್ರಿಗೆ ಇಲ್ಲೇನ್ ವೇಲೆ?” ಎಂದಳು. ಕೆಲಸಕ್ಕೆ ನಮ್ಮ ಕಡೆಯ ಕನ್ನಡದಲ್ಲೂ ವೇಲೆ ಎಂದೇ ಅನ್ನುವುದು.

ಅಳಿಯನ ಸುದ್ದಿ ಕೇಳಿದೆ. ಮದುವೆ ದಿನ ತಾಳಿ ಕಟ್ಟುವಾಗಲೇ ನನ್ನ ಮಾತು ಕೇಳದವನು, ಈಗ ನಾನು ಬೆಂಚಿನ ಮೇಲೆ ಕೂತಿದ್ದೇನೆ ಎಂದು ಓಡಿ ಬರುತ್ತಾನಾ, ಇವರಿಗೆ ಅಷ್ಟೂ ತಿಳಿಯುವುದಿಲ್ಲ ಎಂದಳು. ಪೊಲೀಸರ ಬಗ್ಗೆ ಅವಳ ದೊಡ್ಡ ತಕರಾರು ಅದೇ ಆಗಿತ್ತು.

ಎಸ್.ಐ. ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ಪ್ರೊಫೆಸರ್ ಎಂದು ತಿಳಿದು ಒಳಗೆ ಕುರ್ಚಿ ಹಾಕಿಸಿದರು. ಬೆಂಚೇ ಸಾಕು ಎಂದೆ. ಯಾರೂ ಆಕೆಯನ್ನು ಅರೆಸ್ಟ್ ಮಾಡಿಲ್ಲ, ಬಾಗಿಲು ತೆರೆದೇ ಇದೆ, ನೀವೇ ನೋಡುತ್ತಿದ್ದೀರಲ್ಲ ಎಂದು ನಗುತ್ತಾ ಹೇಳಿದರು. ಹಾಗಾದರೆ ಸರಿ, ಏಳು ಮಾದಮ್ಮ, ಹೋಗೋಣ ಎಂದು ನಾನು ಎದ್ದೆ. ಮಾದಮ್ಮ ಎಸ್.ಐ. ಮುಖ ನೋಡಿದಳು. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅವಳು ಏಳಲಿಲ್ಲ. ನಲವತ್ತು ಜನ ಸೇರಿ ಒಂದು ಗಂಟೆ ಕಚ್ಚಾಡಿದ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತು, ನಾವು ಎದ್ದು ಹೋಗಿ ನೋಡಿರಲಿಲ್ಲ ಅಷ್ಟೇ.

ನಾನು ಮತ್ತೆ ಕೂತೆ. ಹಾಗಾದರೆ ನಾನೂ ಕೂರುತ್ತೇನೆ, ನನ್ನನ್ನೂ ಯಾರೂ ಅರೆಸ್ಟ್ ಮಾಡಿಲ್ಲ. ಆದರೆ ಇಂಥವನು ಇಂತಿಷ್ಟು ಹೊತ್ತಿಗೆ ಬಂದು ಕೂತ ಎಂದು ಜಿ.ಡಿ.ಯಲ್ಲಿ ಬರೆಯಿರಿ, ನನ್ನ ಪಕ್ಕದಲ್ಲಿ ಯಾರಿದ್ದರು ಎಂದೂ ಬರೆಯಿರಿ ಎಂದೆ. ಎಸ್.ಐ. ಒಳಗೆ ಹೋದರು, ಬಂದರು, ಫೋನ್ ಮಾಡಿದರು, ಮತ್ತೆ ಬಂದರು. ಹನ್ನೆರಡು ಗಂಟೆಯ ಸುಮಾರಿಗೆ, ಕರಕೊಂಡು ಹೋಗಿ ಸಾರ್, ಇಬ್ಬರೂ ಹೊರಡಿ ಎಂದು ಹೇಳಿ, ಯಾವುದೋ ಬಂದೋಬಸ್ತಿಗೆ ಜೀಪು ಹತ್ತಿ ಹೊರಟರು. ಗೆದ್ದೆ ಎಂದುಕೊಂಡೆ. ಬಸ್ಸಿನ ಟೈಮು ಕೂಡ ನೋಡಿಕೊಂಡೆ.

ಮಾದಮ್ಮ ಕೂತೇ ಇದ್ದಳು.

“ನಾ ಓಗಲ್ಲ,” ಎಂದಳು. “ಸತ್ತುಣವು ಕೂಡದಲ್ಲಿ ಅಡುಗೆ ಮಾಡೋಳು ನಾನು. ನಾಕು ದಿನ ಒಲೆ ಅಚ್ಚಿಲ್ಲ. ಎಲ್ಲೋಗಿದ್ದೆ ಅಂದ್ರೆ ಏನೇಳ್ಲಿ? ಸ್ಟೇಷನ್ನಲ್ಲಿ ಕುಂತಿದ್ದೆ ಅಂದ್ರೆ, ಕೇಸಿಲ್ದೆ ಯಾರ್ ಕೂರ್ಸ್ತಾರೆ ಅಂತಾರೆ. ನಾಕು ದಿನ ಕುಂತಿದ್ದೆ ಅಂತ ಬರ್ದು ಕೊಡಿ, ಎದ್ದೋಯ್ತೀನಿ.”

ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುವ ಕೆಲಸ ಅದು. ಗಂಡ ಸತ್ತ ಮೇಲೆ ಹನ್ನೊಂದು ವರ್ಷದಿಂದ ಅವಳ ಬದುಕು ನಿಂತಿದ್ದೇ ಆ ಒಲೆಯ ಮೇಲೆ. ಹೇಳದೆ ಕೇಳದೆ ನಾಲ್ಕು ದಿನ ಕೆಲಸ ತಪ್ಪಿಸಿದವಳನ್ನು ತೆಗೆದುಹಾಕಿ ಆ ಜಾಗಕ್ಕೆ ತಮ್ಮವರನ್ನು ಹಾಕಲು ಊರಿನಲ್ಲಿ ಜನ ಕಾದಿದ್ದರು. ನಾನೇ ಹೆಡ್‌ಮಾಸ್ಟರ ಹತ್ತಿರ ಬಂದು ಹೇಳುತ್ತೇನೆ ಎಂದೆ.

“ನೀವು ಸಾಯಂಕಾಲ ಬಸ್ಸತ್ತಿ ಸೇಲಂಗೆ ಓಯ್ತೀರಿ ಸಾಮಿ. ಕಾಗ್ದ ಆದ್ರೆ ಇಲ್ಲೇ ಇರ್ತದೆ.”

ಬಿಡಿಸುವುದೇ ಹಕ್ಕು ಎಂದು ನಾನು ತಿಳಿದಿದ್ದೆ. ನಡೆದದ್ದನ್ನು ನಡೆದಿದೆ ಎಂದು ಒಪ್ಪಿಸುವುದೂ ಹಕ್ಕೇ ಎಂಬುದು ನನ್ನ ಯಾವ ನೋಟ್ಸಿನಲ್ಲೂ ಇರಲಿಲ್ಲ. ಅವಳು ಹೇಳುತ್ತಿದ್ದದ್ದು ಸರಿ ಎಂದು ಗೊತ್ತಿತ್ತು, ಆದರೂ ಒಳಗೊಳಗೇ ಸಿಟ್ಟು ಬಂತು. ಇಷ್ಟು ಕಷ್ಟಪಟ್ಟು ಬಿಡಿಸಿದರೆ ಇವಳದ್ದೊಂದು ಹಟ ಎಂದು. ಅದನ್ನೂ ಬರೆದಿಡುತ್ತೇನೆ.

ಮುನಿರಾಜು ಅಷ್ಟು ಹೊತ್ತೂ ಮೇಜಿನ ಹಿಂದೆ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಈಗ ಜಿ.ಡಿ. ಪುಸ್ತಕ ಎಳೆದುಕೊಂಡರು. ಅದರ ಪುಟಗಳಿಗೆಲ್ಲ ಮೊದಲೇ ಅಚ್ಚಾದ ನಂಬರು ಇರುತ್ತದೆ, ಹರಿದರೆ ಗೊತ್ತಾಗುತ್ತದೆ. ಬರೆದರು. ಬೇರೆ ಹಾಳೆಯಲ್ಲಿ ಅದನ್ನೇ ನಕಲು ಮಾಡಿ ಸೀಲು ಒತ್ತಿದರು. ಓದಿ ಹೇಳಿ ಮೇಷ್ಟ್ರೇ ಎಂದಳು ಮಾದಮ್ಮ. ಓದಿದೆ: ಅಳಿಯನನ್ನು ಹುಡುಕುವ ಸಲುವಾಗಿ ಮಾದಮ್ಮನನ್ನು ಸೋಮವಾರ ಸಂಜೆಯಿಂದ ಶುಕ್ರವಾರ ಮಧ್ಯಾಹ್ನದವರೆಗೆ ಠಾಣೆಯಲ್ಲಿ ಇರಿಸಲಾಗಿತ್ತು, ಆಕೆಯ ಮೇಲೆ ಯಾವ ಪ್ರಕರಣವೂ ಇಲ್ಲ, ಊಟ ತಿಂಡಿ ಕೊಡಲಾಗಿದೆ. ಅವಳು ಕೊನೆಯವರೆಗೂ ಕೇಳಿದಳು.

“ಏಟ್ಟಯ್ಯ, ಊಟ ಆಕಿದ್ದು ನಿನ್ನೆಂಡ್ರು, ಸ್ಟೇಷನ್ ಅಲ್ಲ. ಅದನ್ನ ಸರಿಯಾಗಿ ಬರಿ.”

ಆ ಕಡೆ ಹೆಡ್ ಕಾನ್‌ಸ್ಟೆಬಲ್ ಎಂದರೆ ಏಟ್ಟಯ್ಯ. ಮುನಿರಾಜು ತಿದ್ದಿ ಬರೆದು ಪಕ್ಕದಲ್ಲಿ ಸಹಿ ಹಾಕಿದರು. ಮಾದಮ್ಮ ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀರೆಯ ನೆರಿಗೆ ಸರಿಮಾಡಿಕೊಂಡು ಬಿಸಿಲಿಗೆ ಇಳಿದಳು. ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕಾದ ಕಾರಣವೂ ಇರಲಿಲ್ಲ.

ಮುಂದೆ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಪ್ರಿನ್ಸಿಪಾಲರು ನನ್ನನ್ನು ಕರೆದು, ಪಾಠ ಮಾಡಲು ಕಳಿಸಿದರೆ ಠಾಣೆಗೆ ಹೋಗಿ ಧರಣಿ ಕೂತಿರಂತೆ ಎಂದು ರೇಗಿದರು; ಗುರುವಾರದ ತರಗತಿಯನ್ನು ಬೇರೆಯವರಿಗೆ ಕೊಡುತ್ತೇನೆ ಎಂದರು. ಧಾರಾಳವಾಗಿ ಕೊಡಿ ಎಂದೆ. ತೆಗೆದುಕೊಳ್ಳುವವರು ಒಬ್ಬರೂ ಸಿಗಲಿಲ್ಲ, ಎರಡು ವಾರದ ನಂತರ ನನಗೇ ಮರಳಿ ಬಂತು. ಅಂದಿನಿಂದ ಆ ತರಗತಿ ಇದ್ದಷ್ಟು ವರ್ಷವೂ ನನ್ನ ಮೊದಲ ಪ್ರಶ್ನೆ ಒಂದೇ: ಈಗ, ಈ ಹೊತ್ತಿನಲ್ಲಿ, ನಿಮ್ಮ ಠಾಣೆಯಲ್ಲಿ ಯಾರು ಕೂತಿದ್ದಾರೆ? ಹೊಸ ಬ್ಯಾಚಿನವರು ಮೊದಲು ನೆಲ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಎಲ್ಲಾದರೂ ಒಂದು ಕೈ ಏಳುತ್ತಿತ್ತು. ಅಲ್ಲಿಂದ ಪಾಠ ಶುರು. ಮುನಿರಾಜುವನ್ನು ಮೆಟ್ಟೂರಿನ ಕಡೆ ಕಾವಲು ಕೆಲಸಕ್ಕೆ ಹಾಕಿದರು, ನಿವೃತ್ತಿಯವರೆಗೂ ಅವರಿಗೆ ಮತ್ತೆ ರೈಟರ್ ಕೆಲಸ ಸಿಗಲಿಲ್ಲ. ಮಾದಮ್ಮ ತನ್ನ ಒಲೆಗೆ ಮರಳಿದಳು. ಆದರೆ ಅದು ಆ ಕಾಗದವೊಂದರಿಂದಲೇ ಆಗಲಿಲ್ಲ, ಅದರ ಹಿಂದೆ ಮುನಿರಾಜುವಿನ ಇನ್ನೊಂದು ಕಾಗದ ಬೇಕಾಯಿತು.

ಆ ಶುಕ್ರವಾರವಾಗಿ ಒಂಬತ್ತು ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ ಮುನಿರಾಜು ಸೇಲಂಗೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಮೆಮೊ. ಊಟದ ಯೋಜನೆಯ ಕಚೇರಿಯವರು ಮಾದಮ್ಮನ ಕಾಗದ ನಂಬದೆ, ಇದು ನಿಜವೇ ಎಂದು ಠಾಣೆಗೆ ಬರೆದು ಕೇಳಿದ್ದರು. ಉತ್ತರ ಬರುವವರೆಗೆ ಅಡುಗೆಮನೆಗೆ ಕಾಲಿಡಬೇಡ ಎಂದು ಅವಳನ್ನು ಹೊರಗೆ ನಿಲ್ಲಿಸಿದ್ದರು. ಇತ್ತ, ತನಗೆ ತಿಳಿಸದೆ ಹೀಗೆ ಯಾಕೆ ನಮೂದಿಸಿದಿರಿ ಎಂದು ಎಸ್.ಐ. ಮುನಿರಾಜುವಿನಿಂದ ವಿವರಣೆ ಕೇಳಿದ್ದರು. ತಪ್ಪಾಗಿ ಬರೆದಿದ್ದೇನೆ ಎಂದು ಒಂದು ಸಾಲು ಕೊಟ್ಟುಬಿಡು, ಇಲ್ಲಿಗೆ ಮುಗಿಸೋಣ ಎಂದು ಬಾಯಲ್ಲಿ ಹೇಳಿದ್ದರು. ಹಾಗೆ ಕೊಟ್ಟರೆ ಮಾದಮ್ಮನ ಕಾಗದ ಸುಳ್ಳಾಗುತ್ತದೆ, ಕೆಲಸ ಹೋಗುತ್ತದೆ. ಕೊಡದಿದ್ದರೆ ಇವರ ಗತಿ ಗೊತ್ತೇ ಇದೆ. ಇದಕ್ಕೆ ಉತ್ತರ ನೀವೇ ಬರೆದುಕೊಡಿ ಸಾರ್, ನಿಮಗಾದರೆ ಮಾತು ಬರುತ್ತದೆ ಎಂದರು.

ನನ್ನ ಹೆಂಡತಿ ಅವರಿಗೆ ಕಾಫಿ ಕೊಟ್ಟಳು. ನಾನು ಒಳಗೆ ಕೂತು ಒಂದೂವರೆ ಗಂಟೆ ಬರೆದೆ. ಮೂರು ಪುಟ. ಮನುಷ್ಯನ ಘನತೆ, ದೇಶ ದೇಶಗಳು ಒಪ್ಪಿ ಸಹಿ ಹಾಕಿದ ಘೋಷಣೆಗಳು, ನಮ್ಮ ಸಂವಿಧಾನ, ನೌಕರನ ಆತ್ಮಸಾಕ್ಷಿ, ಒಂದನ್ನೂ ಬಿಡಲಿಲ್ಲ. ಜೀವನದಲ್ಲಿ ನಾನು ಬರೆದ ಒಳ್ಳೆಯ ಬರಹಗಳಲ್ಲಿ ಅದೊಂದು ಎಂದು ಆಗ ಅನ್ನಿಸಿತ್ತು. ಮುನಿರಾಜು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಬೆರಳಿಟ್ಟು ಓದಿದರು. ಮುಗಿಸಿ, ಹಾಳೆಗಳನ್ನು ಜೋಡಿಸಿ, ಗೌರವದಿಂದ ಮೇಜಿನ ಮೇಲಿಟ್ಟರು.

“ಎಲ್ಲಾ ಸರಿಯಾಗೈತೆ ಸಾರ್. ಆದ್ರೆ ಇದ್ರಲ್ಲಿ ಮಾದಮ್ಮ ಎಲ್ಲೂ ಇಲ್ವಲ್ಲ.”

ಅವರು ಒಂದು ಬಿಳಿ ಹಾಳೆ ಕೇಳಿ ತೆಗೆದುಕೊಂಡು, ಠಾಣೆಯ ತಮಿಳಿನಲ್ಲಿ ತಾವೇ ಬರೆಯತೊಡಗಿದರು. ಮೂರು ನಿಮಿಷವೂ ಹಿಡಿಯಲಿಲ್ಲ. ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: ಮಾದಮ್ಮ ಎಂಬ ಹೆಂಗಸು ಸೋಮವಾರ ಸಂಜೆಯಿಂದ ಶುಕ್ರವಾರ ಮಧ್ಯಾಹ್ನದವರೆಗೆ ನಮ್ಮ ಠಾಣೆಯ ಬೆಂಚಿನ ಮೇಲೆ ಇದ್ದದ್ದು ನಿಜ. ಮೊದಲನೆಯ ದಿನವೇ ಬರೆಯಬೇಕಾಗಿತ್ತು, ನಾನು ಬರೆಯಲಿಲ್ಲ, ಅದು ನನ್ನ ತಪ್ಪು. ಐದನೆಯ ದಿನ ಬರೆದೆ, ಅದು ತಪ್ಪಲ್ಲ.

ಕೆಳಗೆ ಸಹಿ ಹಾಕಿ, ಏನಾದರೂ ತಪ್ಪಿದ್ದರೆ ತಿದ್ದಿಕೊಡಿ ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದರು. ಅಭ್ಯಾಸಬಲದಿಂದ ಜೇಬಿನ ಕೆಂಪು ಪೆನ್ನು ತೆಗೆದುಕೊಂಡು ಎರಡು ಸಲ ಓದಿದೆ. ತಿದ್ದುವಂಥದ್ದು ಏನೂ ಇರಲಿಲ್ಲ.